ನಿಮ್ಮ ಮನೆಗೆ ಬರದ ಕೇಬಲ್, ನಿಮ್ಮ ಟಿವಿಯಲ್ಲಿ ಯಾಕೆ ಜಾಹೀರಾತು ಹಾಕುತ್ತದೆ?

[ಶುರುವಿನ ಶಾಟ್: ಕತ್ತಲೆ ಹಾಲ್, ಟಿವಿ ಬೆಳಕು ಮಾತ್ರ. ಹಿನ್ನೆಲೆಯಲ್ಲಿ ಫೋನ್ ರಿಂಗ್.]

ನಮ್ಮಕ್ಕ ಅಮೆರಿಕದ ನ್ಯೂಜೆರ್ಸಿಯಲ್ಲಿದ್ದಾಳೆ. ಮೊನ್ನೆ ಫೋನ್ ಮಾಡಿದಾಗ ರೇಗಿಕೊಂಡಿದ್ದಳು. "ಅಲ್ಲ ಕಣೋ, ಇಲ್ಲೊಂದು ಕೇಬಲ್ ಕಂಪನಿ ದಿನಾ ಟಿವಿಯಲ್ಲಿ ಬಂದು ಬನ್ನಿ, ಸೇರಿಕೊಳ್ಳಿ ಅಂತ ಕರೀತಾನೇ ಇರುತ್ತೆ. ಸರಿ, ಸೇರೋಣ ಅಂತ ವೆಬ್‌ಸೈಟಿಗೆ ಹೋಗಿ ಅಡ್ರೆಸ್ ಹಾಕಿದೆ. ನಿಮ್ಮ ಮನೆಗೆ ನಮ್ಮ ಸರ್ವಿಸ್ ಇಲ್ಲ ಅಂತ ಬಂತು. ಹಾಗಾದ್ರೆ ನನಗೆ ಯಾಕೆ ತೋರಿಸ್ತಾರೆ?"

ಊಟಕ್ಕಿಲ್ಲದ ಉಪ್ಪಿನಕಾಯಿ, ಅಲ್ವಾ?

ಕಂಪನಿಯ ಹೆಸರು ಬೇಡ. ಆದರೆ ಪ್ರಶ್ನೆ ಸೊಗಸಾಗಿದೆ. ದೇಶಕ್ಕೆಲ್ಲ ಕಾಣುವ ಚಾನೆಲ್‌ನಲ್ಲಿ ಆಡ್ ಹಾಕೋದು ಅಂದರೆ ದುಡ್ಡಿನ ಹೊಳೆ. ನಾಲ್ಕು ಊರಿಗೆ ಮಾತ್ರ ತಂತಿ ಎಳೆದವರು ಆ ಹೊಳೆಗೆ ಯಾಕೆ ಇಳಿಯುತ್ತಾರೆ?

ಮೊದಲು ಅಲ್ಲಿನ ಕೇಬಲ್ ಹೇಗೆ ಅಂತ ಬೇಗ ನೋಡಿಬಿಡೋಣ.

[ಅಮೆರಿಕದ ನಕ್ಷೆ. ಕೌದಿಯ ಹಾಗೆ ಬಣ್ಣ ಬಣ್ಣದ ತೇಪೆ.]

ಅಮೆರಿಕದಲ್ಲಿ ಕೇಬಲ್ ಟಿವಿ ಶುರುವಾಗಿದ್ದು 1940ರ ದಶಕದ ಕೊನೆಯಲ್ಲಿ. ಗುಡ್ಡದ ಮರೆಯಲ್ಲಿದ್ದ ಊರುಗಳಿಗೆ ಸಿಗ್ನಲ್ ಸಿಗುತ್ತಿರಲಿಲ್ಲ. ಯಾರೋ ಒಬ್ಬರು ಗುಡ್ಡದ ಮೇಲೆ ದೊಡ್ಡ ಆಂಟೆನಾ ನೆಟ್ಟು, ಕೆಳಗಿನ ಮನೆಗಳಿಗೆ ತಂತಿ ಎಳೆದರು. ಬೀದಿಯಲ್ಲಿ ತಂತಿ ಎಳೆಯಲು ಊರಿನ ಆಡಳಿತದ ಅನುಮತಿ ಬೇಕು. ಹೀಗಾಗಿ ಊರಿಗೊಬ್ಬ ಕೇಬಲ್‌ನವ. ಇಂದಿನ ದೈತ್ಯ ಕಾಮ್‌ಕಾಸ್ಟ್ ಕೂಡ 1963ರಲ್ಲಿ ಮಿಸಿಸಿಪ್ಪಿಯ ಟುಪೆಲೊ ಅನ್ನೋ ಊರಿನ ಸುಮಾರು 1,200 ಮನೆಗಳ ಕೇಬಲ್ ಕೊಂಡು ಶುರುವಾದದ್ದು.

ಒಬ್ಬರಿಗೇ ಗುತ್ತಿಗೆ ಕೊಡಬಾರದು ಅಂತ 1992ರಲ್ಲಿ ಕಾನೂನು ಬಂತು. ಆದರೆ ಅದೇ ಬೀದಿ ಅಗೆದು ಎರಡನೇ ತಂತಿ ಹಾಕೋದು ಹೆಚ್ಚಿನವರಿಗೆ ಗಿಟ್ಟಲಿಲ್ಲ. ಹಾಗಾಗಿ ಇವತ್ತಿಗೂ ನಕ್ಷೆ ಕೌದಿಯೇ. ನ್ಯೂಯಾರ್ಕ್ ನಗರದ ಮ್ಯಾನ್‌ಹಟನ್‌ಗೆ ಸ್ಪೆಕ್ಟ್ರಂ ಅನ್ನೋ ಕೇಬಲ್ ಕಂಪನಿ. ಪಕ್ಕದ ಲಾಂಗ್ ಐಲೆಂಡ್‌ಗೆ ಆಪ್ಟಿಮಮ್. ನದಿ ದಾಟಿ ನ್ಯೂಜೆರ್ಸಿಗೆ ಹೋದರೆ ಕೆಲವು ಊರು ಆಪ್ಟಿಮಮ್, ಕೆಲವು ಊರು ಕಾಮ್‌ಕಾಸ್ಟ್. ಈ ಕಾಮ್‌ಕಾಸ್ಟ್‌ನವರು 2010ರಿಂದ ಎಕ್ಸ್‌ಫಿನಿಟಿ ಅನ್ನೋ ಹೆಸರಲ್ಲಿ ಮಾರುತ್ತಾರೆ.

ಈಗ ಅಸಲು ವಿಷಯ. ನೀವು "ನ್ಯಾಷನಲ್ ಟಿವಿಯಲ್ಲಿ ಬಂತು" ಅಂದುಕೊಂಡ ಆ ಆಡ್ ಇದೆಯಲ್ಲ, ಬಹಳ ಸಲ ಅದು ನ್ಯಾಷನಲ್ ಆಡೇ ಅಲ್ಲ.

[ಗಡಿಯಾರದ ಗ್ರಾಫಿಕ್: 60 ನಿಮಿಷ. ಅದರಲ್ಲಿ ಸಣ್ಣದೊಂದು ಚೂರು ಕೆಂಪು.]

ಸಿಎನ್‌ಎನ್, ಇಎಸ್‌ಪಿಎನ್‌ನಂತಹ ಚಾನೆಲ್ಲಿನಲ್ಲಿ ಗಂಟೆಗೆ ಸುಮಾರು 15 ನಿಮಿಷ ಆಡ್ ಬರುತ್ತದೆ ಅಂತಿಟ್ಟುಕೊಳ್ಳಿ. ಜಾಸ್ತಿ ಪಾಲು ಚಾನೆಲ್‌ನವರದು. ಕಾರು, ಔಷಧಿ, ವಿಮೆ ಕಂಪನಿಗಳಿಗೆ ಅವರೇ ಮಾರಿಕೊಳ್ಳುತ್ತಾರೆ. ಆದರೆ ಸುಮಾರು 2 ನಿಮಿಷ ಅವರದಲ್ಲ. ಅದು ಕೇಬಲ್ ಕಂಪನಿಯ ಪಾಲು. ಕೇಬಲ್‌ನವರು ಪ್ರತಿ ಗ್ರಾಹಕನ ಲೆಕ್ಕದಲ್ಲಿ ತಿಂಗಳು ತಿಂಗಳು ಚಾನೆಲ್‌ಗೆ ದುಡ್ಡು ಕಟ್ಟುತ್ತಾರೆ. ಆ ಒಪ್ಪಂದದ ಜೊತೆಗೇ ಈ 2 ನಿಮಿಷವೂ ಬರುತ್ತದೆ, ತರಕಾರಿ ಕೊಂಡಾಗ ಮೇಲೆ ಇಷ್ಟು ಕೊತ್ತಂಬರಿ ಹಾಕಿಕೊಟ್ಟ ಹಾಗೆ.

ಈಗ ನಿಮ್ಮ ಕೇಬಲ್‌ನಲ್ಲಿ ಇಂಥ 50 ಚಾನೆಲ್ ಇವೆ ಅಂದುಕೊಳ್ಳಿ. ಒಂದು ಚಾನೆಲ್‌ಗೆ ಗಂಟೆಗೆ 2 ನಿಮಿಷ, ದಿನಕ್ಕೆ 48 ನಿಮಿಷ. 30 ಸೆಕೆಂಡಿನ ಆಡ್ ಆದರೆ 96. 50 ಚಾನೆಲ್‌ಗೆ 4,800. ಒಂದೇ ದಿನಕ್ಕೆ! ಊರಿನ ಕಾರ್ ಶೋರೂಮು, ಹಲ್ಲಿನ ಡಾಕ್ಟರು, ಸೋಫಾ ಅಂಗಡಿ ಎಲ್ಲರಿಗೂ ಮಾರಿದರೂ ಇನ್ನೂ ಮಿಕ್ಕುತ್ತದೆ. ಬೆಳಗಿನ ಜಾವ 3 ಗಂಟೆಗೆ, ಯಾವುದೋ ಹಳೇ ಧಾರಾವಾಹಿಯ ಮಧ್ಯೆ ಯಾರು ತಗೋತಾರೆ ಹೇಳಿ?

ಖಾಲಿ ಬಿಡೋಕಾಗಲ್ಲ. ತಮ್ಮದೇ ಆಡ್ ತುರುಕುತ್ತಾರೆ. "ಇಂಟರ್ನೆಟ್ ಸ್ಪೀಡ್ ಹೆಚ್ಚಿಸಿಕೊಳ್ಳಿ", "ಫೋನ್ ಕನೆಕ್ಷನ್ನೂ ನಮ್ಮಿಂದಲೇ ತಗೊಳ್ಳಿ". ಅವರಿಗೆ ಅದು ಹೆಚ್ಚುಕಮ್ಮಿ ಪುಕ್ಕಟೆ. ನೋಡುವ ನಮಗೆ ಮಾತ್ರ, ಅಬ್ಬಾ, ಇಎಸ್‌ಪಿಎನ್‌ನಲ್ಲೇ ಆಡ್ ಹಾಕಿದಾರಲ್ಲ! ಪಕ್ಕದ ರಾಜ್ಯದವನು ಅದೇ ಹೊತ್ತಿಗೆ ಅದೇ ಮ್ಯಾಚ್ ನೋಡುತ್ತಾ ಅಲ್ಲಿನ ಕೇಬಲ್ ಕಂಪನಿಯ ಆಡ್ ನೋಡುತ್ತಿರುತ್ತಾನೆ.

ಇದನ್ನು ಕೂರಿಸೋದು ಹೇಗೆ? ನನಗೆ ತುಂಬಾ ಇಷ್ಟವಾದ ಭಾಗ ಇದು. ಸ್ವಲ್ಪ ನಿಧಾನವಾಗಿ ನೋಡೋಣ.

[ಹಳೇ ಟೇಪ್ ಮೆಷಿನ್‌ಗಳ ಸಾಲು. ರೀಲು ಹಿಂದಕ್ಕೆ ಸುತ್ತುವ ಸದ್ದು.]

1980ರ ದಶಕದಲ್ಲಿ ಚಾನೆಲ್‌ನವರು ಬ್ರೇಕ್‌ಗೆ ಕೆಲವು ಸೆಕೆಂಡ್ ಮುಂಚೆ ಸಿಗ್ನಲ್ ಜೊತೆ ಒಂದು ಗುರುತಿನ ಸದ್ದು ಕಳಿಸುತ್ತಿದ್ದರು. ಫೋನಿನ ಬಟನ್ ಒತ್ತಿದಾಗ ಬರುತ್ತಲ್ಲ, ಅದೇ ತರಹದ ಪೀಪ್ ಪೀಪ್ ಪೀಪ್. ಕೆಲವೊಮ್ಮೆ ಮನೆಯಲ್ಲಿ ಕೂತವರಿಗೂ ಕೇಳಿಸುತ್ತಿತ್ತು. ಕೇಬಲ್ ಕಂಪನಿಯ ಹೆಡ್‌ಎಂಡ್‌ನಲ್ಲಿ, ಅಂದರೆ ಚಾನೆಲ್‌ಗಳೆಲ್ಲ ಬಂದು ಸೇರುವ ಜಾಗದಲ್ಲಿ, ಒಂದು ಯಂತ್ರ ಆ ಸದ್ದಿಗಾಗಿ ಕಿವಿಗೊಟ್ಟು ಕೂತಿರುತ್ತಿತ್ತು. ಪೀಪ್ ಕೇಳಿದ ಕೂಡಲೇ ಟೇಪ್ ಓಡಬೇಕು, ಸರಿಯಾದ ಹೊತ್ತಿಗೆ ಚಾನೆಲ್‌ನ ಚಿತ್ರ ಮರೆಯಾಗಿ ಟೇಪಿನ ಚಿತ್ರ ಬರಬೇಕು. ಆಮೇಲೆ ಟೇಪ್ ಹೋಗಿ ಹಾರ್ಡ್ ಡಿಸ್ಕ್ ಬಂತು. ಪೀಪ್ ಹೋಗಿ ಕಿವಿಗೆ ಕೇಳದ ಡಿಜಿಟಲ್ ಗುರುತು ಬಂತು. ಅದರ ಹೆಸರು ಎಸ್‌ಸಿಟಿಇ 35. ಕೆಲಸ ಮಾತ್ರ ಅದೇ.

ಈಗಲೂ ಗಮನ ಇಟ್ಟು ನೋಡಿದರೆ ಹೊಲಿಗೆ ಕಾಣಿಸುತ್ತದೆ. ಬ್ರೇಕ್‌ನ ನಡುವೆ ಒಂದು ಟ್ರಕ್ ಬೆಟ್ಟದ ರಸ್ತೆಯಲ್ಲಿ ಹೊರಡುತ್ತದೆ. ಅರ್ಧ ಸೆಕೆಂಡ್ ಅಷ್ಟೇ. ಟಕ್ ಅಂತ ಚಿತ್ರ ಹಾರಿ, ಊರಿನ ಹಲ್ಲಿನ ಡಾಕ್ಟರು ಕೈಕಟ್ಟಿ ನಿಂತು ನಗುತ್ತಿರುತ್ತಾರೆ. ಬೆಳಕಿನ ಛಾಯೆ ಬೇರೆ, ಸದ್ದಿನ ಮಟ್ಟ ಬೇರೆ. ಆ ಟ್ರಕ್ ಚಾನೆಲ್‌ನವರು ಕಳಿಸಿದ್ದು. ಡಾಕ್ಟರು ನಿಮ್ಮ ಕೇಬಲ್‌ನವರು ಮೇಲೆ ಅಂಟಿಸಿದ್ದು. ಕೇಬಲ್ ಕಂಪನಿಯ ಸ್ವಂತ ಆಡ್ ಬರೋದೂ ಇದೇ ಕಿಟಕಿಯಲ್ಲಿ.

ಆದರೆ ಅಕ್ಕನ ಕಥೆ ಇದಲ್ಲ. ಅವಳಿಗೆ ಕಾಣಿಸಿದ್ದು ಬೇರೆ ಕಂಪನಿಯ ಆಡ್. "ಯಾವ ಚಾನೆಲ್‌ನಲ್ಲಿ ನೋಡಿದೆ?" ಅಂತ ಕೇಳಿದೆ. "ಸಂಜೆ ನ್ಯೂಸ್, ನ್ಯೂಯಾರ್ಕ್ ಸ್ಟೇಷನ್ನು" ಅಂದಳು. ಅಲ್ಲಿಗೆ ಗೊತ್ತಾಯಿತು.

[ನಕ್ಷೆ: ನ್ಯೂಯಾರ್ಕ್ ಸುತ್ತ ದೊಡ್ಡ ವೃತ್ತ. ಒಳಗೆ ಮೂರು ಬಣ್ಣ.]

ಇಂಥ ಸ್ಟೇಷನ್‌ನವರು ಆಂಟೆನಾದಿಂದ ಪ್ರಸಾರ ಮಾಡುತ್ತಾರೆ, ಆ ಸಿಗ್ನಲ್‌ಗೆ ಪುರಸಭೆ ಗಡಿ ಗೊತ್ತಿಲ್ಲ. ಟಿವಿ ನೋಡುಗರ ಲೆಕ್ಕ ಇಡುವ ನೀಲ್ಸನ್ ಕಂಪನಿ ಅಮೆರಿಕವನ್ನು 210 ಮಾರುಕಟ್ಟೆಗಳಾಗಿ ಹಂಚಿದೆ. ಅದರಲ್ಲಿ ಎಲ್ಲಕ್ಕಿಂತ ದೊಡ್ಡದು ನ್ಯೂಯಾರ್ಕ್, 70 ಲಕ್ಷಕ್ಕೂ ಜಾಸ್ತಿ ಮನೆಗಳು. ನಗರ, ಲಾಂಗ್ ಐಲೆಂಡ್, ಉತ್ತರ ನ್ಯೂಜೆರ್ಸಿ, ಕನೆಕ್ಟಿಕಟ್‌ನ ಒಂದು ಮೂಲೆ, ಎಲ್ಲ ಒಂದೇ ಮಾರುಕಟ್ಟೆ. ಆ ಸ್ಟೇಷನ್‌ನಲ್ಲಿ ಆಡ್ ಕೊಂಡರೆ ಇಷ್ಟಕ್ಕೂ ಒಟ್ಟಿಗೇ ಕೊಳ್ಳಬೇಕು. ನನ್ನ ತಂತಿ ಹೋಗಿರುವ ಬೀದಿಗಳಿಗೆ ಮಾತ್ರ ತೋರಿಸಿ ಅನ್ನೋಕಾಗಲ್ಲ. ಮೈಸೂರಿನ ಸೀರೆ ಅಂಗಡಿಯ ಬೋರ್ಡು ಬಸ್ಸಿನ ಬೆನ್ನ ಮೇಲೆ ಕೂತು ಮಡಿಕೇರಿ ತನಕ ಹೋಗಲ್ವಾ, ಹಾಗೆ. ಮಡಿಕೇರಿಯವರಿಗೆ ಅಂತ ಹಾಕಿದ್ದಲ್ಲ. ಬಸ್ಸು ಹೋಗುತ್ತದೆ, ಬೋರ್ಡೂ ಹೋಗುತ್ತದೆ.

ಸರಿ. ಹಾಗಂತ ನಿಜವಾಗಿ ಇಡೀ ದೇಶಕ್ಕೇ ಆಡ್ ಹಾಕೋದು ಇಲ್ಲವೇ ಇಲ್ಲವಾ? ಇದೆ. ಅಲ್ಲಿ ನಡೆಯೋದು ಬಾಳೆಗೊನೆ ಲೆಕ್ಕ.

ಮನೆಯಲ್ಲಿ ಪೂಜೆ, ನಿಮಗೆ 60 ಬಾಳೆಹಣ್ಣು ಬೇಕು. ಅಂಗಡಿಯಲ್ಲಿ ಬಿಡಿಯಾಗಿ ಒಂದಕ್ಕೆ 8 ರೂಪಾಯಿ, ಒಟ್ಟು 480. ಮಂಡಿಯಲ್ಲಿ 120 ಹಣ್ಣಿನ ಇಡೀ ಗೊನೆ 400 ರೂಪಾಯಿಗೆ ಸಿಗುತ್ತದೆ. ಅರ್ಧ ಗೊನೆ ಹಂಚಿದರೂ, ಕೊಳೆತರೂ, ಗೊನೆಯೇ ಲಾಭ. ನನ್ನ ರೇಟು ಸುಮ್ನೆ ಉದಾಹರಣೆಗೆ, ಆದರೆ ಟಿವಿ ಮಾರುಕಟ್ಟೆಯ ಸ್ವಭಾವ ಇದೇ. ಊರೂರಿಗೆ ಬೇರೆ ಬೇರೆಯಾಗಿ ಆಡ್ ಕೊಂಡರೆ ನೋಡುಗನ ಲೆಕ್ಕದಲ್ಲಿ ದುಬಾರಿ. ದೇಶಕ್ಕೆಲ್ಲ ಒಟ್ಟಿಗೆ ಕೊಂಡರೆ ಅಗ್ಗ. ನಾಲ್ಕು ಊರಿನ ಕಂಪನಿಗೆ ಗೊನೆ ಬೇಡ. ಅರ್ಧ ದೇಶದಲ್ಲಿ ತಂತಿ ಇರುವವನಿಗೆ ಬೇಕು.

ಅರ್ಧ ದೇಶ ಅಂದದ್ದು ಉತ್ಪ್ರೇಕ್ಷೆ ಅಲ್ಲ. ಕಾಮ್‌ಕಾಸ್ಟ್ ತಂತಿ 6 ಕೋಟಿಗೂ ಜಾಸ್ತಿ ಮನೆ, ಕಚೇರಿಗಳ ಮುಂದೆ ಹಾದುಹೋಗುತ್ತದೆ. ಸ್ಪೆಕ್ಟ್ರಂ ಮಾಲೀಕ ಚಾರ್ಟರ್ 2016ರಲ್ಲಿ ಟೈಮ್ ವಾರ್ನರ್ ಕೇಬಲ್ ಮತ್ತು ಬ್ರೈಟ್ ಹೌಸ್ ಎರಡನ್ನೂ ನುಂಗಿ 41 ರಾಜ್ಯಗಳಿಗೆ ಹರಡಿತು. 2025ರ ಮೇ ತಿಂಗಳಲ್ಲಿ ಕಾಕ್ಸ್ ಕಂಪನಿಯನ್ನೂ ಕೊಳ್ಳುತ್ತೇವೆ ಅಂತ ಹೇಳಿತು, 34.5 ಬಿಲಿಯನ್ ಡಾಲರ್‌ಗೆ. ಇವರನ್ನು "ಪ್ರಾದೇಶಿಕ" ಅಂತ ಕರೆಯೋದೇ ಈಗ ಸ್ವಲ್ಪ ಮುಜುಗರ. ತೇಪೆಗಳು ಬಿಡಿ ಬಿಡಿಯಾಗಿದ್ದರೂ ಕೌದಿ ಒಬ್ಬರದೇ.

ಕಾಮ್‌ಕಾಸ್ಟ್‌ಗೆ ಇನ್ನೊಂದು ಅನುಕೂಲ. ದೇಶಕ್ಕೆಲ್ಲ ಕಾಣುವ ಎನ್‌ಬಿಸಿ ಚಾನೆಲ್ ಅವರದೇ. 2011ರಲ್ಲಿ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಪಾಲು ಕೊಂಡರು, 2013ರಲ್ಲಿ ಉಳಿದದ್ದನ್ನೂ. ಎನ್‌ಬಿಸಿಯಲ್ಲಿ ಎಕ್ಸ್‌ಫಿನಿಟಿ ಆಡ್ ಬಂದರೆ ದುಡ್ಡು ಎಡಗೈಯಿಂದ ಬಲಗೈಗೆ. 2019ರ ನವೆಂಬರ್‌ನಲ್ಲಿ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಮೆರವಣಿಗೆ ಎನ್‌ಬಿಸಿಯಲ್ಲಿ ನೇರ ಬರುತ್ತಿದ್ದಾಗ ಎಕ್ಸ್‌ಫಿನಿಟಿ ಒಂದು ಆಡ್ ಹಾಕಿತು. 1982ರ ಇ.ಟಿ. ಸಿನಿಮಾದ ಆ ಪುಟ್ಟ ಅನ್ಯಗ್ರಹ ಜೀವಿ ಮತ್ತೆ ಭೂಮಿಗೆ ಬರುತ್ತದೆ. ಅಂದು ಹುಡುಗನಾಗಿದ್ದ ನಟ ಹೆನ್ರಿ ಥಾಮಸ್ ಇಲ್ಲಿ ಹೆಂಡತಿ ಮಕ್ಕಳಿರುವ ಅಪ್ಪ. ಸಿನಿಮಾ ಯೂನಿವರ್ಸಲ್‌ದು, ಅದೂ ಕಾಮ್‌ಕಾಸ್ಟ್‌ದೇ. ಹಿಂದಿನ ವರ್ಷ ಕೊಂಡಿದ್ದ ಬ್ರಿಟನ್ನಿನ ಸ್ಕೈ ಕಂಪನಿಗೂ ಅದೇ ಕಥೆಯನ್ನು ಬಳಸಿಕೊಂಡರು. ಸಿನಿಮಾ ನಮ್ಮದು, ಚಾನೆಲ್ ನಮ್ಮದು, ತಂತಿ ನಮ್ಮದು. ಎಕ್ಸ್‌ಫಿನಿಟಿ ಸಿಗದ ಊರಿನವರೂ ನೋಡಿ ಕಣ್ಣೊರೆಸಿಕೊಂಡಿರುತ್ತಾರೆ, ಬಿಡಿ.

[ಡಿಶ್ ಆಂಟೆನಾ ಇರುವ ಮನೆಯ ಚಾವಣಿ.]

ಇದರಲ್ಲಿ ಒಂದು ಜಗಳವೂ ಇದೆ. 1994ರಲ್ಲಿ ಡೈರೆಕ್‌ಟಿವಿ ಬಂತು. ಡಿಶ್ ಟಿವಿ ಅದು, ತಂತಿ ಬೇಡ, ದೇಶವೆಲ್ಲ ಒಂದೇ ಗಡಿ. ಹಾಗಾಗಿ ಅವರಿಗೆ ನ್ಯಾಷನಲ್ ಆಡ್ ಅಂದರೆ ಒಂದು ಪೈಸೆಯೂ ವ್ಯರ್ಥವಿಲ್ಲ. 2014ರಲ್ಲಿ ನಟ ರಾಬ್ ಲೋ ಅವರನ್ನು ಹಾಕಿಕೊಂಡು ಸಾಲು ಸಾಲು ಆಡ್ ಮಾಡಿದರು. ಡಿಶ್ ಇಟ್ಟುಕೊಂಡ ರಾಬ್ ಲೋ ಸ್ಫುರದ್ರೂಪಿ. ಕೇಬಲ್ ಇಟ್ಟುಕೊಂಡ ರಾಬ್ ಲೋ ನೋಡಿದರೆ ವಾಕರಿಕೆ ಬರಬೇಕು, ಹಾಗೆ.

ತಮಾಷೆ ಏನು ಗೊತ್ತಾ? ಕೇಬಲ್ ಇರುವ ಮನೆಗೆ ಆ ಆಡ್ ಬರುತ್ತಿದ್ದದ್ದು ಕೇಬಲ್ ತಂತಿಯಲ್ಲೇ! ತಮ್ಮ ಪಾಲಿನ 2 ನಿಮಿಷಕ್ಕೆ ಡಿಶ್‌ನವರು ಬಂದರೆ ಕೇಬಲ್‌ನವರು ಬಾಗಿಲು ಹಾಕಬಹುದು. ಉಳಿದ 13 ನಿಮಿಷ ಚಾನೆಲ್‌ನವರ ಆಸ್ತಿ, ಮುಟ್ಟುವ ಹಾಗಿಲ್ಲ. ನಮ್ಮ ಮನೆ ಗೋಡೆಯ ಮೇಲೆ ನಮ್ಮನ್ನೇ ಬೈಯುವ ಪೋಸ್ಟರ್, ಕೀಳೋ ಹಾಗಿಲ್ಲ. ಕಾಮ್‌ಕಾಸ್ಟ್ ಜಾಹೀರಾತು ಉದ್ಯಮದ ಸ್ವಂತ ದೂರು ಮಂಡಳಿಗೆ ಹೋಯಿತು. ಹಲವು ಹೇಳಿಕೆಗಳನ್ನು ಕೈಬಿಡಿ ಅಂತ 2015ರಲ್ಲಿ ಮಂಡಳಿ ಹೇಳಿತು. ದೇಶದ ಮುಂದೆ ಬೈಸಿಕೊಂಡರೆ ಉತ್ತರವೂ ದೇಶದ ಮುಂದೆಯೇ ಕೊಡಬೇಕಾಗುತ್ತದೆ. ಈಗ ಮನೆ ಇಂಟರ್ನೆಟ್ ಮಾರುವ ಮೊಬೈಲ್ ಕಂಪನಿಗಳ ಜೊತೆಗೂ ಇದೇ ಜಟಾಪಟಿ.

ನಮ್ಮ ಕಡೆ ಹೇಗೆ ಅಂತ ನೀವು ಕಾಮೆಂಟಲ್ಲಿ ಕೇಳೇ ಕೇಳ್ತೀರಿ. ನಮ್ಮ ಕೇಬಲ್‌ನವರಿಗೆ ಇಂಥ 2 ನಿಮಿಷದ ಪದ್ಧತಿ ಇರಲಿಲ್ಲ. ಅವರು ತಮ್ಮದೇ ಒಂದು ಲೋಕಲ್ ಚಾನೆಲ್ ಇಟ್ಟುಕೊಂಡರು. ಸಿನಿಮಾ ಓಡುತ್ತಿರುತ್ತದೆ, ಹೀರೊ ಎದೆಯ ಮೇಲೆ "ಹೊಸ ಸ್ಟಾಕ್ ಬಂದಿದೆ, ಬಸ್ ಸ್ಟ್ಯಾಂಡ್ ಎದುರು" ಅಂತ ಅಕ್ಷರ ಹರಿದುಹೋಗುತ್ತದೆ. ಆದರೆ ದೊಡ್ಡ ಚಾನೆಲ್‌ನಲ್ಲಿ ಊರಿಗೊಂದು ಆಡ್ ತೋರಿಸುವ ಕೆಲಸ ನಮ್ಮಲ್ಲೂ ಆಯಿತು, ಅದೂ ಬೆಂಗಳೂರಿನಿಂದ. 2008ರಲ್ಲಿ ಶುರುವಾದ ಅಮಾಗಿ ಅನ್ನೋ ಕಂಪನಿ ಹೆಡ್‌ಎಂಡ್‌ಗಳಲ್ಲಿ ತನ್ನ ಉಪಕರಣ ಇಟ್ಟಿತು. ಒಂದೇ ಚಾನೆಲ್, ಒಂದೇ ಬ್ರೇಕ್, ಆದರೆ ಒಂದು ಊರಿನವರಿಗೆ ಒಂದು ಆಡ್, ಇನ್ನೊಂದು ಊರಿನವರಿಗೆ ಇನ್ನೊಂದು. ದೇಶಕ್ಕೆಲ್ಲ ದುಡ್ಡು ಸುರಿಯಲಾಗದ ಸಣ್ಣ ಬ್ರಾಂಡ್‌ಗಳೂ ದೊಡ್ಡ ಚಾನೆಲ್‌ನಲ್ಲಿ ಕಾಣಿಸಿಕೊಳ್ಳೋಕೆ ಶುರು ಮಾಡಿದವು.

[ಮತ್ತೆ ಕತ್ತಲೆ ಹಾಲ್. ಟಿವಿ ಆಫ್.]

ಇದನ್ನೆಲ್ಲ ಅಕ್ಕನಿಗೆ ಹೇಳಿದೆ. "ಸರಿ, ಒಪ್ಪಿದೆ. ಆದ್ರೂ ನನಗೆ ತೋರಿಸಿದ ದುಡ್ಡು ದಂಡ ತಾನೆ?" ಅಂದಳು.

ಅಮೆರಿಕದಲ್ಲಿ ವರ್ಷಕ್ಕೆ ನೂರರಲ್ಲಿ ಸುಮಾರು 8 ಜನ ಮನೆ ಬದಲಾಯಿಸುತ್ತಾರೆ. ಈ ಬೇಸಿಗೆಯಲ್ಲಿ ಅಕ್ಕನೂ ಬದಲಾಯಿಸುತ್ತಿದ್ದಾಳೆ. ಅದೇ ನ್ಯೂಜೆರ್ಸಿ, ಇಪ್ಪತ್ತು ನಿಮಿಷ ದೂರದ ಇನ್ನೊಂದು ಊರು. ಹೊಸ ಮನೆಯ ಅಡ್ರೆಸ್ ಸಿಕ್ಕ ದಿನ ಇಂಟರ್ನೆಟ್‌ಗೆ ಯಾರನ್ನು ವಿಚಾರಿಸಿದೆ ಅಂತ ಕೇಳಿದೆ.

ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ನಕ್ಕಳು. ವೆಬ್‌ಸೈಟಿಗೆ ಹೋಗಿ ಅಡ್ರೆಸ್ ಹಾಕಿದ್ದಳಂತೆ, ಮೊದಲು ಅದೇ ಕಂಪನಿಯದಕ್ಕೇ. ಈ ಸಲ "ಸರ್ವಿಸ್ ಇದೆ" ಅಂತ ಬಂತಂತೆ.