ಓಣಿಯ ಕಿಲ್ಲಾ, ಗುಡ್ಡದ ಕೋಟೆ

ಕೇಳುಗರಿಗೆ ನಮಸ್ಕಾರ.

ದೀಪಾವಳಿ ಹತ್ತಿರ ಬಂತೆಂದರೆ ಬೆಳಗಾವಿಯ ಶಹಾಪುರ, ವಡಗಾವಿ, ಅನಗೋಳದ ಓಣಿಗಳಲ್ಲಿ ಹುಡುಗರು ಇಟ್ಟಿಗೆ ಚೂರು, ಕಲ್ಲು, ಹರಕು ಗೋಣಿಚೀಲ ಹುಡುಕಿಕೊಂಡು ತಿರುಗುತ್ತಾರೆ. ಅವರಿಗೆ ಕಿಲ್ಲಾ, ಅಂದರೆ ಮಣ್ಣಿನ ಪುಟ್ಟ ಕೋಟೆ, ಕಟ್ಟಬೇಕು. ಮಹಾರಾಷ್ಟ್ರದ ಈ ರೂಢಿ ನಮ್ಮ ಗಡಿಯೂರಿನಲ್ಲೂ ಬೇರುಬಿಟ್ಟಿದೆ. ಮನೆಮಾತು ಮರಾಠಿ ಇರಲಿ, ಕನ್ನಡ ಇರಲಿ, ಮಣ್ಣು ಕಲಸುವಾಗ ಎಲ್ಲರ ಕೈಯೂ ಕೆಂಪೇ.

ಕಲ್ಲು ಒಟ್ಟಿ ಗುಡ್ಡ ಮಾಡುತ್ತಾರೆ. ಅದರ ಮೇಲೆ ಗೋಣಿ ಹೊದಿಸಿ ಕೆಸರು ಮೆತ್ತುತ್ತಾರೆ. ಬುರುಜು, ಮೆಟ್ಟಿಲು, ದರವಾಜೆ ಒಂದೊಂದಾಗಿ ಮೂಡುತ್ತವೆ. ಇಳಿಜಾರಿನ ಮೇಲೆ ಅಳ್ವಿ ಬೀಜ ಎರಚುತ್ತಾರೆ. ಬಾಣಂತಿಗೆ ಉಂಡೆ ಕಟ್ಟುವ ಅದೇ ಅಳ್ವಿ. ನೀರು ತಾಗಿದೊಡನೆ ಲೋಳೆ ಬಿಟ್ಟು ಕಡಿದಾದ ಮಣ್ಣಿಗೂ ಅಂಟಿಕೊಳ್ಳುತ್ತದೆ, ಹಬ್ಬದ ಹೊತ್ತಿಗೆ ಗುಡ್ಡ ಹಸಿರಾಗಿರುತ್ತದೆ. ತುದಿಯಲ್ಲಿ ಸಿಂಹಾಸನದ ಮೇಲೆ ಶಿವಾಜಿ ಮಹಾರಾಜರು, ಕೆಳಗೆ ಅವರ ದಂಡಿನ ಮಾವಳೆ ಸೈನಿಕರು, ಮಣ್ಣಿನ ಗೊಂಬೆಗಳಾಗಿ.

ಇದನ್ನು ಮಕ್ಕಳಾಟ ಎಂದು ಬದಿಗೆ ಸರಿಸಲು ನನಗೆ ಮನಸ್ಸಿಲ್ಲ. ನಿಜವಾದ ಕೋಟೆ ಕಟ್ಟಿದವರು ಎದುರಿಸಿದ ಪ್ರಶ್ನೆಗಳೇ ಈ ಹುಡುಗರ ಮುಂದೆಯೂ ಬರುತ್ತವೆ. ದರವಾಜೆಯನ್ನು ಹಾದಿಗೆ ಎದುರಾಗಿ ಇಟ್ಟ ತಮ್ಮನಿಗೆ ಅಣ್ಣ ಹೇಳುತ್ತಾನೆ: "ಹಿಂಗಿಟ್ಟರ ವೈರಿ ಸೀದಾ ಒಳಗ ಬರ್ತಾನಲೇ!" ಬಾಗಿಲು ಓರೆಗೆ ತಿರುಗುತ್ತದೆ. ರಾಯಗಡದ ಮಹಾದರವಾಜೆಯೂ ಹೀಗೆಯೇ ಎರಡು ದೊಡ್ಡ ಬುರುಜುಗಳ ನಡುವೆ ಅಡಗಿದೆ, ತೀರಾ ಹತ್ತಿರ ಹೋಗುವ ತನಕ ಕಣ್ಣಿಗೆ ಬೀಳುವುದಿಲ್ಲ. ಹಿರೋಜಿ ಇಂದುಲ್ಕರ್ ಕಟ್ಟಿದ ಆ ಕೋಟೆಯಲ್ಲೇ 1674ರಲ್ಲಿ ಶಿವಾಜಿಯ ಪಟ್ಟಾಭಿಷೇಕ ನಡೆಯಿತು.

ಬಾಗಿಲಿಗಿಂತ ದೊಡ್ಡ ಪ್ರಶ್ನೆ ನೀರಿನದು. ಗುಡ್ಡದ ಮೇಲೆ ನೀರಿಲ್ಲದಿದ್ದರೆ ಎಷ್ಟೇ ದಪ್ಪ ಗೋಡೆಯಿದ್ದರೂ ಮುತ್ತಿಗೆಗೆ ಕೋಟೆ ತಾಳದು. ಸಹ್ಯಾದ್ರಿಯ ಕೋಟೆಗಳಲ್ಲಿ ಕರಿಬಂಡೆ ಕೊರೆದು ತೊಟ್ಟಿ ಮಾಡಿದರು, ಹಾಗೆ ತೆಗೆದ ಕಲ್ಲೇ ಗೋಡೆಗೂ ಒದಗಿತು. ಮಾಲವಣದೆದುರಿನ ಸಮುದ್ರದಲ್ಲಿ 1664ರಲ್ಲಿ ಕೆಲಸ ಶುರುವಾದ ಸಿಂಧುದುರ್ಗ ನನಗೆ ಇನ್ನೂ ಸೋಜಿಗ: ಸುತ್ತಲೂ ಉಪ್ಪುನೀರು, ಕೋಟೆಯೊಳಗೆ ಸಿಹಿನೀರಿನ ಬಾವಿಗಳು. 2025ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ 12 ಮರಾಠಾ ಕೋಟೆಗಳಲ್ಲಿ ರಾಯಗಡ, ಸಿಂಧುದುರ್ಗ ಎರಡೂ ಇವೆ.

ಈಗ ಅಂಗಡಿಯಲ್ಲಿ ಪ್ಲಾಸ್ಟರ್‌ನ ಸಿದ್ಧ ಕಿಲ್ಲಾ ಸಿಗುತ್ತದೆ. ತಂದೆತಾಯಂದಿರೇ, ದಯವಿಟ್ಟು ಅದನ್ನು ಕೊಳ್ಳಬೇಡಿ. ಅದರಲ್ಲಿ ಮಗು ನಿರ್ಧರಿಸುವಂಥದ್ದು ಏನೂ ಉಳಿದಿರುವುದಿಲ್ಲ.

ಇನ್ನೊಂದು ಆಸೆ. ಈ ಆಟ ಬೆಳಗಾವಿಯ ಆಚೆಗೂ ಹಬ್ಬಲಿ. ಚಿತ್ರದುರ್ಗದ ಮಗುವೊಂದು ಏಳುಸುತ್ತಿನ ಕೋಟೆ ಕಟ್ಟಿ, ತುದಿಯಲ್ಲಿ ಒಂದು ಚೊಂಬು ನೀರು ಸುರಿದು ನೋಡಲಿ. ಅಲ್ಲಿನ ಮಳೆನೀರು ಗೋಪಾಲಸ್ವಾಮಿ ಹೊಂಡ ತುಂಬಿ ಅಕ್ಕತಂಗಿ ಹೊಂಡಕ್ಕೆ, ಅಲ್ಲಿಂದ ಸಿಹಿನೀರು ಹೊಂಡಕ್ಕೆ, ಕಡೆಗೆ ಊರೊಳಗಿನ ಸಂತೆಹೊಂಡಕ್ಕೆ ಇಳಿಯುವಂತೆ ಹಿರಿಯರು ಏರ್ಪಾಡು ಮಾಡಿದ್ದರು. ಅಂಗಳದ ಮಣ್ಣಿನಲ್ಲಿ ಅದನ್ನು ಮಾಡಿ ನೋಡಿದ ಮಗು ಮುಂದೆ ದುರ್ಗಕ್ಕೆ ಹೋದಾಗ ಒನಕೆ ಓಬವ್ವನ ಕಿಂಡಿಯನ್ನಷ್ಟೇ ನೋಡಿ ಮರಳಲಾರದು. ಹೊಂಡದಿಂದ ಹೊಂಡಕ್ಕೆ ನೀರಿನ ದಾರಿ ಹಿಡಿದು ನಡೆಯುತ್ತದೆ.

ನಮ್ಮ ಬೆಳಗಾವಿ ಹುಡುಗರಿಗೂ ಒಂದು ಮಾತು. ರಾಜಗಡ, ಪ್ರತಾಪಗಡ ಚೆನ್ನಾಗಿ ಕಟ್ಟುತ್ತೀರಿ. ಊರೊಳಗಿನ ಕೋಟೆಯನ್ನು ಮಾತ್ರ ಕಟ್ಟುವವರು ಕಡಿಮೆ. ರಟ್ಟ ಅರಸರ ಕಾಲದ, 1204ರ ಕಮಲ ಬಸದಿ ಅದರೊಳಗಿದೆ. ಅದು ನೆಲಮಟ್ಟದ ಕೋಟೆ, ಗುಡ್ಡದ ಆಸರೆಯಿಲ್ಲ, ಸುತ್ತಲಿನ ಕಂದಕವೇ ಅದರ ಕಾವಲು. ಈ ಸಲ ಯಾರಾದರೂ ಅದನ್ನು ಕಟ್ಟಿ. ಕೆಮ್ಮಣ್ಣಿನ ಕಂದಕದಲ್ಲಿ ನೀರು ಇಂಗದಂತೆ ನಿಲ್ಲಿಸುವುದಕ್ಕೆ ಏನು ಉಪಾಯ ಹೂಡುತ್ತೀರೋ ನೋಡಲು ನಾನು ಖಂಡಿತ ಬರುತ್ತೇನೆ.

ನಮಸ್ಕಾರ.