‘ಸೇವ್’ ಬಟನ್ ಎಲ್ಲಿ ಹೋಯ್ತು?

ಟೇಬಲ್ ಮೇಲೆ ಎರಡು ಲ್ಯಾಪ್‌ಟಾಪ್ ಇವೆ ನೋಡಿ. ಎಡಗಡೆಯದು ಹಳೇದು, 1366×768. ಬಲಗಡೆಯದು ಫುಲ್ ಎಚ್‌ಡಿ, 1920×1080. ಎರಡರಲ್ಲೂ ವಿಂಡೋಸ್ 11, ಎರಡರಲ್ಲೂ ವಿನ್‌ಫಾರ್ಮ್ಸ್‌ನಲ್ಲಿ (ವಿಂಡೋಸ್ ಪ್ರೋಗ್ರಾಮ್ ಬರೆಯೋ ಡಾಟ್‌ನೆಟ್ ಸಾಧನ) ಬರೆದ ಅದೇ ಪ್ರೋಗ್ರಾಮ್. ಹಳೇದರಲ್ಲಿ ಸೆಟ್ಟಿಂಗ್ಸ್ ವಿಂಡೋ ಪೂರ್ತಿ ಕಾಣ್ತಿದೆ. ಹೊಸದರಲ್ಲಿ ‘ಸೇವ್’ ಬಟನ್ ಟಾಸ್ಕ್‌ಬಾರ್ ಹಿಂದೆ ಅವಿತುಕೊಂಡಿದೆ.

ಲೆಕ್ಕ ಹಾಕೋಣ. ಹೊಸದರ ಸ್ಕೇಲಿಂಗ್, ಅಂದ್ರೆ ಅಕ್ಷರ, ಬಟನ್ ಎಲ್ಲವನ್ನ ದೊಡ್ಡದು ಮಾಡಿ ತೋರಿಸೋ ಪ್ರಮಾಣ, 150%. 1080ನ್ನ 1.5ರಿಂದ ಭಾಗಿಸಿದ್ರೆ 720. ಟಾಸ್ಕ್‌ಬಾರ್‌ಗೆ 48 ಹೋಯ್ತು, ಉಳಿದಿದ್ದು 672. ಹಳೇದು 100%ನಲ್ಲಿದೆ, 768ರಲ್ಲಿ 48 ಕಳೆದ್ರೂ 720 ಉಳೀತು. ಪಿಕ್ಸೆಲ್ ಜಾಸ್ತಿ ಇರೋ ಕಡೆಯೇ ಜಾಗ ಕಮ್ಮಿ! ನಮ್ಮ ವಿಂಡೋ ಎತ್ತರ 700. ಎಡವಟ್ಟಾಗಿದ್ದು ಅಲ್ಲೇ.

768ರ ಸ್ಕ್ರೀನಿಗೇ 125% ಹಾಕಿಕೊಳ್ಳೋರೂ ಇದಾರೆ, ಅಲ್ಲಿ ಸಿಗೋದು ಬರೀ 566. ಅದಕ್ಕೇ ಡೈಲಾಗ್ ಎತ್ತರ 550 ದಾಟೋಕೆ ನಾನು ಬಿಡೋದಿಲ್ಲ.

ದಾಟಲೇಬೇಕು ಅಂದ್ರೆ, ಬಟನ್‌ಗಳಿಗೆ ಬೇರೆ ಪ್ಯಾನೆಲ್ ಮಾಡಿ, ಡಾಕ್ ಬಾಟಮ್ (ಕೆಳಗಿನ ಅಂಚಿಗೆ ಅಂಟಿಸೋದು) ಕೊಡಿ. ಉಳಿದಿದ್ದೆಲ್ಲ ಇನ್ನೊಂದು ಪ್ಯಾನೆಲ್‌ನಲ್ಲಿ, ಡಾಕ್ ಫಿಲ್ (ಉಳಿದ ಜಾಗ ತುಂಬೋದು), ಆಟೋಸ್ಕ್ರಾಲ್ ಟ್ರೂ (ಹಿಡಿಸದಿದ್ರೆ ಸ್ಕ್ರಾಲ್ ಬಾರ್ ಬರುತ್ತೆ). ಫಿಲ್ ಪ್ಯಾನೆಲ್ ಬಟನ್‌ಗಳ ಅಡಿಗೆ ನುಗ್ಗಿದ್ರೆ ಡಿಸೈನರ್‌ನಲ್ಲಿ ಅದರ ಮೇಲೆ ರೈಟ್ ಕ್ಲಿಕ್ ಮಾಡಿ ‘ಬ್ರಿಂಗ್ ಟು ಫ್ರಂಟ್’ ಒತ್ತಿ. ಡಾಕಿಂಗ್ ಹಿಂದಿನಿಂದ ಮುಂದಕ್ಕೆ ಜಾಗ ಹಂಚುತ್ತೆ, ಫಿಲ್ ಕೊನೆಗೆ ಬರಬೇಕು. ಆಮೇಲೆ ಫಾರ್ಮ್ ಲೋಡ್‌ನಲ್ಲಿ ವಿಂಡೋ ಎತ್ತರವನ್ನ ಆ ಸ್ಕ್ರೀನಿನ ವರ್ಕಿಂಗ್‌ಏರಿಯಾ (ಟಾಸ್ಕ್‌ಬಾರ್ ಬಿಟ್ಟು ಉಳಿಯೋ ಜಾಗ) ಎತ್ತರಕ್ಕೆ ಇಳಿಸಿ. ಇದನ್ನ ಮರೆತ್ರೆ ಮೇಲಿನದ್ಯಾವುದೂ ಕೆಲಸಕ್ಕೆ ಬರಲ್ಲ.

ಈಗ ಈ ಲೇಬಲ್ ದೊಡ್ಡದು ಮಾಡಿ ತೋರಿಸ್ತೀನಿ. ‘ರಾಷ್ಟ್ರೀಯತೆ’. ಷ ಕೆಳಗಿನ ಟ ಒತ್ತು ಅರ್ಧಕ್ಕೇ ಕತ್ತರಿಸಿದೆ, ರ ಒತ್ತಂತೂ ಪತ್ತೆಯೇ ಇಲ್ಲ. ಇಂಗ್ಲಿಷ್ ಅಕ್ಷರಕ್ಕೆ ಅಂತ ಎತ್ತರ ಕೈಯಾರೆ ಕೊಟ್ಟಿದ್ದರ ಫಲ ಇದು. ಲೇಬಲ್‌ಗೆ ಆಟೋಸೈಜ್ (ಒಳಗಿರೋದಕ್ಕೆ ತಕ್ಕಂತೆ ಅಳತೆ ತಾನೇ ಹೊಂದಿಕೊಳ್ಳೋದು) ಟ್ರೂ ಮಾಡಿ, ಟೇಬಲ್‌ಲೇಔಟ್‌ಪ್ಯಾನೆಲ್ (ಸಾಲು, ಕಂಬಗಳಲ್ಲಿ ಜೋಡಿಸೋ ಪ್ಯಾನೆಲ್) ಸಾಲುಗಳಿಗೂ ಆಟೋಸೈಜ್ ಕೊಡಿ, ಒತ್ತು ವಾಪಸ್ ಬರುತ್ತೆ.

ಎರಡು ಮಾನಿಟರ್ ಇದ್ದು, ಒಂದು 100%, ಇನ್ನೊಂದು 150% ಅಂದ್ರೆ, ಎಳೆದು ತಂದ ವಿಂಡೋ ಮಸುಕಾಗುತ್ತೆ. ಡಾಟ್‌ನೆಟ್ 6ರಲ್ಲಿ ತಾನಾಗೇ ಬರೋದು ಸಿಸ್ಟಮ್‌ಅವೇರ್, ಅಂದ್ರೆ ಎಲ್ಲ ಮಾನಿಟರ್‌ಗೂ ಒಂದೇ ಸ್ಕೇಲಿಂಗ್ ಲೆಕ್ಕ. ಅದನ್ನ ಪರ್‌ಮಾನಿಟರ್‌ವಿ2ಗೆ (ಪ್ರತಿ ಮಾನಿಟರ್‌ಗೂ ಅದರದೇ ಲೆಕ್ಕ) ಬದಲಾಯಿಸಿ. ವಿಂಡೋಸ್ 10ರ 1703 ಆವೃತ್ತಿಯಿಂದ ಅದು ಇದೆ. ಸ್ಕೇಲಿಂಗ್ ಬದಲಾಗೋದ್ರಿಂದ ಐಕಾನ್ 16 ಪಿಕ್ಸೆಲ್‌ನದ್ದು ಒಂದೇ ಸಾಲದು, 20, 24, 32 ಕೂಡ ಬೇಕು.

ವಿಂಡೋ ಜಾಗ ನೆನಪಿಟ್ಟುಕೊಳ್ಳೋ ಕೋಡ್‌ನಲ್ಲಿ ಹುಷಾರು. ಮುಖ್ಯ ಸ್ಕ್ರೀನಿನ ಎಡಗಡೆ ಇನ್ನೊಂದು ಮಾನಿಟರ್ ಇದ್ರೆ ಎಕ್ಸ್ (ವಿಂಡೋ ಅಡ್ಡಕ್ಕೆ ಎಲ್ಲಿದೆ ಅನ್ನೋ ಅಂಕಿ) ಮೈನಸ್‌ನಲ್ಲಿ ಬರೋದು ಸಹಜ, ಅದನ್ನ ತಪ್ಪು ಅಂತ ಸೊನ್ನೆ ಮಾಡ್ಬೇಡಿ. ಮಿನಿಮೈಸ್ ಆದಾಗ ಲೊಕೇಶನ್ ಮೈನಸ್ 32000 ಆಗಿರುತ್ತೆ, ಆಗ ರಿಸ್ಟೋರ್‌ಬೌಂಡ್ಸ್ (ಮಿನಿಮೈಸ್‌ಗೆ ಮುಂಚಿನ ಜಾಗ, ಅಳತೆ) ಸೇವ್ ಮಾಡಿ. ತೆರೆಯುವಾಗ ಆ ಚೌಕ ಈಗಿರೋ ಯಾವುದಾದರೂ ವರ್ಕಿಂಗ್‌ಏರಿಯಾಗೆ ತಾಗುತ್ತಾ ನೋಡಿ. ತಾಗದಿದ್ರೆ ಮುಖ್ಯ ಸ್ಕ್ರೀನಿನ ನಡುವೆ ಇಡಿ.

ಮಾನಿಟರ್ ಕಿತ್ತ ಮೇಲೆ ವಿಂಡೋ ಆಗಲೇ ಕಾಣೆಯಾಗಿದ್ರೆ, ಆಲ್ಟ್ ಟ್ಯಾಬ್‌ನಲ್ಲಿ ಅದನ್ನ ಆರಿಸಿ, ಆಲ್ಟ್ ಸ್ಪೇಸ್, ಎಂ, ಒಂದು ಬಾಣದ ಕೀ. ಈಗ ಮೌಸ್ ಅಲ್ಲಾಡಿಸಿ. ಬಂತು ನೋಡಿ.