ಒಂದು ಕಿವಿ ಬೀಥೋವನ್‌ಗೆ, ಇನ್ನೊಂದು ಆನೆಗೆ

ಪಿಕಪ್ ರಿವರ್ಸ್ ಬರುತ್ತಿದೆ ನೋಡಿ. ಆ ಟ್ಯೂನ್ ಕೇಳಿಸಿತಾ? ಟಿರಿಟಿರಿ ಟಿರಿಟಿರಿ ಟೀ ಅಂತ. ಪ್ರತಿ ವರ್ಷ ಕಾಫಿ ಚೀಲ ತುಂಬಿಕೊಳ್ಳಲು ಈ ಗಾಡಿ ನಮ್ಮ ಕಣಕ್ಕೆ ಹಿಂದಹಿಂದಕ್ಕೆ ಬರುತ್ತದೆ, ಪ್ರತಿ ಸಲ ಇದೇ ಟ್ಯೂನ್. ರಿವರ್ಸ್ ಹಾರ್ನ್ ಮಾಡುವವರೇ ಯಾರೋ ಕಟ್ಟಿದ ಟ್ಯೂನ್ ಅಂತ ತುಂಬ ವರ್ಷ ನಂಬಿಕೊಂಡಿದ್ದೆ. ಅದು ಬೀಥೋವನ್ 1810ರಲ್ಲಿ ಪಿಯಾನೊಗೆ ಬರೆದ 'ಫ್ಯೂರ್ ಎಲೀಸೆ'. ಅಚ್ಚಾಗಿದ್ದು 1867ರಲ್ಲಿ, ಅಂದರೆ ಆತ ಸತ್ತು ನಲವತ್ತು ವರ್ಷ ಆದಮೇಲೆ. ಪಿಕಪ್‌ನಲ್ಲಿ ಇರುವುದು ಬರೀ ತಲೆಯ ತುಣುಕು. ಪೂರ್ತಿ ಸುಮಾರು ಮೂರು ನಿಮಿಷ ಇದೆ, ಕೊನೆಯ ಹತ್ತಿರ ಎಡಗೈ ಕೆಳಗಿನ ಒಂದೇ ಸ್ವರವನ್ನು ಬಿಡದೆ ಕುಟ್ಟುವ ಜಾಗ ಬರುತ್ತದೆ, ಎದೆ ಸ್ವಲ್ಪ ಭಾರ ಆಗುತ್ತದೆ. ಹಾರ್ನ್‌ನವರು ಅಲ್ಲಿಯವರೆಗೆ ಹೋಗಿಲ್ಲ, ಪುಣ್ಯ.

ನಮಸ್ಕಾರ. ಈ ಚಾನೆಲ್‌ನಲ್ಲಿ ಸಾಮಾನ್ಯವಾಗಿ ಕಾಫಿ, ಕಾಳುಮೆಣಸು, ಮಳೆ ಎಷ್ಟು ಇಂಚು ಬಿತ್ತು, ಇಷ್ಟೇ ಇರುತ್ತದೆ. ಇವತ್ತು ಬೇರೆ ವಿಷಯ. ಕೊಡಗಿನ ಸುಂಟಿಕೊಪ್ಪದ ಹತ್ತಿರ ಐದು ಎಕರೆ ರೊಬಸ್ಟಾ ಇಟ್ಟುಕೊಂಡು, ಯಾವ ಸಂಗೀತವನ್ನೂ ಕಲಿಯದ ನಾನು, ವೆಸ್ಟರ್ನ್ ಕ್ಲಾಸಿಕಲ್ ಕೇಳಲು ಕಲಿತ ಕಥೆ. ಕಲಿತೆ ಅನ್ನುವುದು ಜಾಸ್ತಿ ಆಯಿತೇನೋ. ಕೇಳಿದರೆ ಈಗ ನಿದ್ದೆ ಬರುವುದಿಲ್ಲ, ಅಷ್ಟು.

ಮೊದಮೊದಲು ಬರುತ್ತಿತ್ತು. ಚೆನ್ನಾಗಿಯೇ ಬರುತ್ತಿತ್ತು. ಎಲ್ಲರೂ ಮಾಡುವ ಹಾಗೆ 'ಶ್ರೇಷ್ಠ ಐವತ್ತು' ಅನ್ನುವ ಒಂದು ಪಟ್ಟಿ ಹಾಕಿಕೊಂಡು ಕೂತೆ. ಒಂದು ಮುಗಿದರೆ ಇನ್ನೊಂದು, ಅದು ಮುಗಿದರೆ ಮತ್ತೊಂದು, ಮೂರು ದಿನ ಕೇಳಿದಮೇಲೆ ಒಂದೇ ಒಂದು ಸಾಲು ನೆನಪಿನಲ್ಲಿ ಉಳಿದಿರಲಿಲ್ಲ. ಜಾತ್ರೆಯಲ್ಲಿ ನೂರು ಜನರ ಮುಖ ನೋಡಿದ ಹಾಗೆ. ಇನ್ನೊಂದು ತೊಂದರೆ ವಾಲ್ಯೂಮ್. ಸಿನಿಮಾ ಹಾಡು ಶುರುವಿಂದ ಕೊನೆವರೆಗೆ ಒಂದೇ ಮಟ್ಟದಲ್ಲಿ ಇರುತ್ತದೆ. ಇದು ಹಾಗಲ್ಲ. ಒಂದು ನಿಮಿಷ ಏನೂ ಕೇಳಿಸುವುದಿಲ್ಲ ಅಂತ ಏರಿಸುತ್ತೀರಿ, ಮರುನಿಮಿಷ ಇಡೀ ಮನೆ ಅದುರುತ್ತದೆ. ಒಂದು ಮಧ್ಯಾಹ್ನ ಸ್ಪೀಕರ್‌ನಲ್ಲಿ ಹೈಡನ್‌ನ 94ನೇ ಸಿಂಫನಿ, ಅಂದರೆ ಇಡೀ ಆರ್ಕೆಸ್ಟ್ರಾಗೆ ಬರೆದ ದೊಡ್ಡ ಕೃತಿ, ಹಾಕಿದ್ದೆ. ಅದರ ಎರಡನೇ ಭಾಗ ಮಕ್ಕಳ ಪದ್ಯದಷ್ಟು ಸರಳ, ಮೆಲ್ಲಗೆ, ಇನ್ನೂ ಮೆಲ್ಲಗೆ ಹೋಗುತ್ತದೆ, ಅಪ್ಪ ಊಟ ಮಾಡಿ ಕುರ್ಚಿಯಲ್ಲಿ ಒರಗಿದ್ದರು, ಇದ್ದಕ್ಕಿದ್ದ ಹಾಗೆ ಇಡೀ ಆರ್ಕೆಸ್ಟ್ರಾ ಒಟ್ಟಿಗೆ ಢಂ!

"ಯಾರೋ ಪಟಾಕಿ ಹೊಡೆದ್ರು, ಆನೆ ಬಂತಾ?" ಅಂತ ಅಪ್ಪ ಎದ್ದು ನಿಂತರು.

1792ರಲ್ಲಿ ಲಂಡನ್‌ನ ಜನ ಇದನ್ನು ಮೊದಲು ಕೇಳಿದ್ದು. ಅದಕ್ಕೆ 'ಸರ್‌ಪ್ರೈಸ್' ಅಂತಲೇ ಹೆಸರು ಬಿದ್ದಿದೆ. ಇನ್ನೂರು ವರ್ಷ ದಾಟಿ ಸುಂಟಿಕೊಪ್ಪದಲ್ಲೂ ಕೆಲಸ ಮಾಡುತ್ತದೆ ಅಂತ ಆವತ್ತು ಗೊತ್ತಾಯಿತು. ಆದರೆ ಆಮೇಲೆ ಮನೆಯೊಳಗೆ ಸ್ಪೀಕರ್ ಬಂದ್. ಇಯರ್‌ಫೋನ್ ಹಾಕಿಕೊಂಡು ಹೊರಗೆ ಹೋಗು ಅಂತ ಆಜ್ಞೆ.

ಹೊರಗೆ ಅಂದರೆ ಇಲ್ಲಿ, ಈ ಕಣ. ಜನವರಿ, ಫೆಬ್ರವರಿಯಲ್ಲಿ ಚೆರಿ ಕಾಫಿ ಹರಡಿರುತ್ತದೆ, ಹಗಲು ತಿರುವಿ ಹಾಕಬೇಕು, ಸಂಜೆ ಗುಡ್ಡೆ ಮಾಡಿ ಟಾರ್ಪಾಲ್ ಮುಚ್ಚಬೇಕು, ರಾತ್ರಿ ಕಾವಲು ಕೂರಬೇಕು. ಕಳ್ಳರ ಭಯ ಇದೆ, ಅದಕ್ಕಿಂತ ಜಾಸ್ತಿ ಆನೆಯ ಭಯ. ಎರಡೂ ಕಿವಿ ಮುಚ್ಚಿಕೊಂಡು ಕೂತರೆ ಕಾವಲು ಎಲ್ಲಿಂದ ಬಂತು? ಅದಕ್ಕೆ ಒಂದು ಕಿವಿಗೆ ಮಾತ್ರ ಹಾಕಿಕೊಂಡೆ. ಬಲಗಿವಿಗೆ. ಎಡಗಿವಿ ತೋಟದ ಕಡೆಗೆ.

ಆವತ್ತು ಹಾಕಿದ್ದು ಬೀಥೋವನ್‌ನ ಏಳನೇ ಸಿಂಫನಿಯ ಎರಡನೇ ಭಾಗ. ಆಯ್ಕೆಗೆ ಕಾರಣ ಏನೂ ಇಲ್ಲ, ಅದು ಎಂಟು ಒಂಬತ್ತು ನಿಮಿಷ ಅಷ್ಟೇ ಇತ್ತು. ಮೊದಲು ಗಾಳಿವಾದ್ಯಗಳು ಸೇರಿ ಒಂದು ಉದ್ದನೆ ಸದ್ದು, ಅದು ಕರಗುತ್ತಾ ಹೋಗುತ್ತದೆ. ಆಮೇಲೆ ಕೆಳಗಿನ ತಂತಿವಾದ್ಯಗಳು ಮೆಲ್ಲಗೆ ಹೆಜ್ಜೆ ಹಾಕುತ್ತವೆ. ದಾಂ, ದದ, ದಾಂ, ದಾಂ. ಮತ್ತೆ ದಾಂ, ದದ, ದಾಂ, ದಾಂ. ಇದರಲ್ಲಿ ರಾಗ ಅಂತ ಹೇಳುವಂಥದ್ದು ಏನೂ ಇಲ್ಲ, ಬಹುಪಾಲು ಅದೇ ಸ್ವರ ಮತ್ತೆ ಮತ್ತೆ. ಹೈಸ್ಕೂಲಿನಲ್ಲಿ ಕನ್ನಡ ಮೇಷ್ಟ್ರು ಬೋರ್ಡಿನ ಮೇಲೆ ಪ್ರಸ್ತಾರ ಹಾಕಿಸುತ್ತಿದ್ದರಲ್ಲ, ಗುರು, ಲಘು, ಲಘು, ಗುರು, ಗುರು. ಅದೇ. ಥೇಟ್ ಅದೇ. ಆಗ ಗಣ ವಿಭಾಗ ಮಾಡಲು ಬರದೆ ಬೆಂಚಿನ ಮೇಲೆ ನಿಂತವನು ನಾನು, ಈಗ ಕತ್ತಲಲ್ಲಿ ಮೊಣಕಾಲ ಮೇಲೆ ಬೆರಳಲ್ಲಿ ಗುರು ಲಘು ಎಣಿಸುತ್ತಾ ಕೂತಿದ್ದೆ.

ಸ್ವಲ್ಪ ಹೊತ್ತಿಗೆ ನನ್ನ ಬಲಗಿವಿಯಲ್ಲಿ ಒಂದು ಹೊಸ ಹಾಡು ಶುರುವಾಯಿತು. ಉದ್ದುದ್ದ ಎಳೆಯುವ, ದುಃಖ ನುಂಗಿಕೊಂಡ ಥರದ ಹಾಡು. ಗುರು ಲಘು ಎಲ್ಲಿ ಹೋಯಿತು ಅಂತ ಗೊತ್ತಾಗಲಿಲ್ಲ. ಮಾರನೇ ರಾತ್ರಿ ಚಾರ್ಜ್ ಕಡಿಮೆ ಇದೆ ಅಂತ ಬಲದ್ದನ್ನು ಡಬ್ಬಿಗೆ ಹಾಕಿ ಎಡಗಿವಿಯದ್ದನ್ನು ಹಾಕಿಕೊಂಡೆ. ಅದೇ ರೆಕಾರ್ಡಿಂಗ್, ಅದೇ ಜಾಗ ಬಂತು. ಈ ಸಲ ಗುರು ಲಘು ಸ್ಪಷ್ಟವಾಗಿ ನಡೆಯುತ್ತಿದೆ, ಆ ದುಃಖದ ಹಾಡು ಎಲ್ಲೋ ಗೋಡೆಯಾಚೆ ಕೇಳಿದ ಹಾಗಿದೆ! ಒಂದು ಕ್ಷಣ ಬೇರೆ ಯಾವುದೋ ಹಾಕಿಬಿಟ್ಟೆ ಅಂದುಕೊಂಡೆ.

ಆಮೇಲೆ ಹುಡುಕಿ ನೋಡಿದೆ. ಈಗಿನ ಹೆಚ್ಚಿನ ಆರ್ಕೆಸ್ಟ್ರಾಗಳಲ್ಲಿ ಪಿಟೀಲಿನವರು ನಮ್ಮ ಎಡಕ್ಕೆ, ಕೆಳಗಿನ ದನಿಯ ದೊಡ್ಡ ತಂತಿವಾದ್ಯಗಳಾದ ಚೆಲ್ಲೊ ಮತ್ತು ಡಬಲ್ ಬೇಸ್‌ನವರು ಬಲಕ್ಕೆ ಕೂರುತ್ತಾರೆ. ರೆಕಾರ್ಡಿಂಗ್‌ನಲ್ಲೂ ಸುಮಾರಾಗಿ ಹಾಗೆಯೇ ಬರುತ್ತದೆ. ಮೊದಲು ಕೆಳಗಿನವರು ನುಡಿಸಿದ ಹೆಜ್ಜೆಯನ್ನು ಪಿಟೀಲಿನವರು ಎತ್ತಿಕೊಳ್ಳುತ್ತಾರೆ, ಅದೇ ಹೊತ್ತಿಗೆ ವಿಯೋಲ (ಪಿಟೀಲಿಗಿಂತ ಸ್ವಲ್ಪ ದೊಡ್ಡದು) ಮತ್ತು ಚೆಲ್ಲೊ ಅದರ ಜೊತೆಗೆ ಬೇರೆಯದೇ ಹಾಡು ಹಿಡಿಯುತ್ತವೆ. ಎರಡೂ ಒಟ್ಟಿಗೆ, ಎರಡಕ್ಕೂ ಸಮ ಗೌರವ.

ನನಗೆ ಸಿಕ್ಕಿದ ಕೀಲಿಕೈ ಇದೇ. ನಮ್ಮ ಕಛೇರಿಯಲ್ಲಿ ಹಾಡುವವರು ಒಬ್ಬರು, ಪಿಟೀಲಿನವರು ಅವರ ಹಿಂದೆಯೇ ನಡೆಯುತ್ತಾರೆ, ಶ್ರುತಿ ಅಲ್ಲಾಡುವುದಿಲ್ಲ. ಹಾಗಾಗಿ ನನ್ನ ಕಿವಿ ಇಲ್ಲೂ ಹಾಡುವ ಒಬ್ಬರನ್ನೇ ಹುಡುಕುತ್ತಿತ್ತು, ಸಿಗದೆ ಸುಸ್ತಾಗಿ ಮಲಗುತ್ತಿತ್ತು. ಪಟ್ಟಿ ಎಸೆದೆ. ಆ ಒಂದೇ ಭಾಗವನ್ನು ಹನ್ನೆರಡು ರಾತ್ರಿ ಕೇಳಿದೆ, ಕಾಫಿ ಒಣಗುವಷ್ಟು ದಿನ. ಹೊಸಬರು ಕೇಳಿದರೆ ನಾನು ಹೇಳುವುದೂ ಅಷ್ಟೇ, ಐವತ್ತು ಬೇಡ, ಒಂದು ಇಟ್ಟುಕೊಳ್ಳಿ, ಒಂದು ಸಲ ಮೇಲಿನ ದನಿಯ ಹಿಂದೆ ಹೋಗಿ, ಇನ್ನೊಂದು ಸಲ ಕೆಳಗಿನ ದನಿಯ ಹಿಂದೆ.

ಇದನ್ನು ನಮ್ಮ ಪಕ್ಕದ ತೋಟದ ಮಾವನಿಗೆ ಹೇಳಿದೆ. ಮಿಲಿಟರಿ ಬ್ಯಾಂಡ್‌ನಲ್ಲಿ ಇದ್ದವರು, ಇಪ್ಪತ್ತು ವರ್ಷ ಯುಫೋನಿಯಂ ನುಡಿಸಿದವರು. ಯುಫೋನಿಯಂ ಅಂದರೆ ಹೊಟ್ಟೆಗೆ ಅಪ್ಪಿಕೊಂಡು ಊದುವ ದಪ್ಪ ಹಿತ್ತಾಳೆ ವಾದ್ಯ.

"ಈಗ ಗೊತ್ತಾಯ್ತಾ ಮಗ? ಪರೇಡ್ ಮುಗಿದ ಮೇಲೆ ಎಲ್ಲರೂ ಟ್ರಂಪೆಟ್‌ನೋನ ಕೈ ಕುಲುಕೋರು. ನಾನು ನಿಲ್ಲಿಸಿದ್ರೆ ಅವನ ಟ್ರಂಪೆಟ್ ಎಲ್ಲಿ ನಿಲ್ಲುತ್ತೆ ಅಂತ ಒಬ್ಬನಿಗೂ ಗೊತ್ತಿಲ್ಲ."

ಇಪ್ಪತ್ತು ವರ್ಷದ ಸಿಟ್ಟು, ಪಾಪ. ಈ ಏಳನೇ ಸಿಂಫನಿಯನ್ನು ಮೊದಲು ನುಡಿಸಿದ್ದು 1813ರ ಡಿಸೆಂಬರ್ 8ರಂದು, ವಿಯೆನ್ನಾದಲ್ಲಿ, ಹನೌ ಯುದ್ಧದಲ್ಲಿ ಗಾಯಗೊಂಡ ಸೈನಿಕರ ಸಹಾಯಕ್ಕೆ ಇಟ್ಟ ಕಛೇರಿಯಲ್ಲಿ ಅಂತ ಓದಿ ಹೇಳಿದೆ. ಜನ ಈ ಎರಡನೇ ಭಾಗವನ್ನು ಆವತ್ತೇ ಇನ್ನೊಮ್ಮೆ ನುಡಿಸಿ ಅಂತ ಹಟ ಹಿಡಿದರಂತೆ. ಮಾವ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ "ಹಾಕು ನೋಡುವ" ಅಂದರು.

ಹೆಸರುಗಳ ಗೊಂದಲ ಒಂದು ಇದೆ, ಅದನ್ನು ಬೇಗ ಮುಗಿಸುತ್ತೇನೆ. ಓಪಸ್ 92, ಕೆ. 550, ಬಿ.ಡಬ್ಲ್ಯು.ವಿ. ಇಷ್ಟು, ಇವನ್ನೆಲ್ಲ ನೋಡಿದರೆ ಗಣಿತದ ಪರೀಕ್ಷೆ ನೆನಪಾಗುತ್ತದೆ. ಇವು ನಮ್ಮ ಸರ್ವೆ ನಂಬರ್ ಇದ್ದ ಹಾಗೆ ಅಷ್ಟೇ. ಒಂದೇ ಊರಿನಲ್ಲಿ ಒಂದೇ ಮನೆತನದವರ ಹತ್ತು ತೋಟ ಇದ್ದರೆ ಯಾವುದು ಅಂತ ಹೇಗೆ ಹೇಳುತ್ತೀರಿ? ಮೊಜಾರ್ಟ್ ಬರೆದಿದ್ದಕ್ಕೆಲ್ಲ ನಂಬರ್ ಹಾಕಿ 1862ರಲ್ಲಿ ಪಟ್ಟಿ ಪ್ರಕಟಿಸಿದವರು ಕೋಶೆಲ್ ಅನ್ನುವವರು, ಅದಕ್ಕೆ ಕೆ. ಬಾಖ್‌ನದ್ದು ಬಿ.ಡಬ್ಲ್ಯು.ವಿ. ಸಿಂಫನಿ ಅಂದರೆ ಸಾಮಾನ್ಯವಾಗಿ ನಾಲ್ಕು ಭಾಗ, ಭಾಗದ ನಡುವೆ ಚಪ್ಪಾಳೆ ಹೊಡೆಯುವುದಿಲ್ಲ. ಫೋನ್‌ನಲ್ಲಿ ಆ ನಡುವೆ ಸಾಬೂನಿನ ಜಾಹೀರಾತು ಬರುತ್ತದೆ, ಅದನ್ನು ತಡೆಯುವ ಉಪಾಯ ಬೀಥೋವನ್ ಹತ್ತಿರವೂ ಇಲ್ಲ.

"ಇದೆಲ್ಲ ನಮ್ಮದಲ್ಲ, ಯಾಕೆ ಬೇಕು?" ಅಂತ ಒಬ್ಬ ಸ್ನೇಹಿತ ಕೇಳಿದ. ಪಿಟೀಲು ಮಾತ್ರ ನಮ್ಮದಾ? ಬೀಥೋವನ್ ಬದುಕಿದ್ದ ಕಾಲದಲ್ಲೇ ಮುತ್ತುಸ್ವಾಮಿ ದೀಕ್ಷಿತರು ಇಂಗ್ಲಿಷ್ ಬ್ಯಾಂಡ್ ಟ್ಯೂನುಗಳಿಗೆ ಸಂಸ್ಕೃತ ಸಾಹಿತ್ಯ ಹಾಕಿ ನೊಟ್ಟುಸ್ವರ ಮಾಡಿದರು, ಅವರ ತಮ್ಮ ಬಾಲುಸ್ವಾಮಿ ದೀಕ್ಷಿತರು ಪಿಟೀಲು ಕಲಿತು ಅದನ್ನು ಕರ್ನಾಟಕ ಸಂಗೀತಕ್ಕೆ ತಂದರು. ಇನ್ನು ನಮ್ಮ ಮೈಸೂರಿನ ಜಯಚಾಮರಾಜ ಒಡೆಯರು, ಲಂಡನ್‌ನಲ್ಲಿದ್ದ ರಷ್ಯಾದ ಸಂಗೀತ ರಚನಕಾರ ಮೆಟ್ನರ್ ಅವರ ಕೃತಿಗಳನ್ನು ಅವರ ಕೈಯಲ್ಲೇ ನುಡಿಸಿ ರೆಕಾರ್ಡ್ ಮಾಡಲು ದುಡ್ಡು ಕೊಟ್ಟರು, ಮೆಟ್ನರ್ ತಮ್ಮ ಮೂರನೇ ಪಿಯಾನೊ ಕಾನ್ಸೆರ್ಟೊವನ್ನು ಮಹಾರಾಜರಿಗೇ ಅರ್ಪಿಸಿದರು. ಸ್ನೇಹಿತನಿಗೆ ಇಷ್ಟು ಹೇಳುವಷ್ಟರಲ್ಲಿ ಅವನು ಪೆಪ್ಪರ್ ರೇಟ್ ನೋಡುತ್ತಿದ್ದ, ಬಿಡಿ.

ಜೂನ್‌ನಲ್ಲಿ ಬೇರೆ ಪಾಡು. ಇಲ್ಲಿ ನೋಡಿ, ಈ ಶೀಟಿನ ಚಾವಣಿ. ಮಳೆ ಹಿಡಿದರೆ ಪಿಯಾನೊ ಬೇಡ, ಪಕ್ಕದಲ್ಲಿ ಕೂತವರ ಮಾತೂ ಕೇಳಿಸುವುದಿಲ್ಲ. ಮೆಲ್ಲನೆಯ ಜಾಗಗಳೆಲ್ಲ ಮಳೆಯ ಪಾಲು. ಅಂಥ ಒಂದು ದಿನ, ಕರೆಂಟ್ ಇಲ್ಲದೆ ಎರಡನೇ ದಿನ, ಮಳೆ ಸ್ವಲ್ಪ ತಗ್ಗಿದ ಹೊತ್ತಿಗೆ ಅಪ್ಪನಿಗೆ ಬೀಥೋವನ್‌ನ ಆರನೇ ಸಿಂಫನಿ ಹಾಕಿದೆ. ಹಳ್ಳಿಗಾಡಿನ ಸಿಂಫನಿ. ಇದಕ್ಕೆ ಐದು ಭಾಗ. ಎರಡನೆಯದರ ಕೊನೆಗೆ ಕೊಳಲು, ಓಬೊ, ಕ್ಲಾರಿನೆಟ್ ಮೂರು ಹಕ್ಕಿಗಳ ಹಾಗೆ ಕೂಗುತ್ತವೆ, ಅದರಲ್ಲಿ ಕೋಗಿಲೆಯ ಕೂಗು ಕ್ಲಾರಿನೆಟ್‌ನದ್ದು. "ನಮ್ಮ ಕೋಗಿಲೆ ಹೀಗಲ್ಲ" ಅಂದರು ಅಪ್ಪ. ಸರಿಯೇ, ಅದು ಯುರೋಪಿನ ಹಕ್ಕಿ, ಕುಕ್ಕೂ ಅಂತ ಎರಡೇ ಸ್ವರ, ನಮ್ಮದರ ಹಾಗೆ ಏರುತ್ತಾ ಹೋಗುವುದಿಲ್ಲ. ನಾಲ್ಕನೆಯದು ಗುಡುಗು ಮಳೆ. ಟಿಂಪನಿ ಅನ್ನುವ ದೊಡ್ಡ ನಗಾರಿ ಇಡೀ ಸಿಂಫನಿಯಲ್ಲಿ ಇಲ್ಲಿ ಮಾತ್ರ ಬರುತ್ತದೆ, ಅಲ್ಲಿಯವರೆಗೆ ಆ ಮನುಷ್ಯ ಕೈ ಕಟ್ಟಿಕೊಂಡು ಕೂತಿರಬೇಕು. ಚೆಲ್ಲೊ, ಬೇಸ್ ಎರಡೂ ಕೆಳಗೆ ಗುಡುಗುಡು ಅಂತ ಉರುಳುತ್ತವೆ, ಮೇಲೆ ಮಿಂಚು. ಅಪ್ಪ ಗಮನ ಕೊಟ್ಟು ಕೇಳಿದರು. ನಾಲ್ಕು ನಿಮಿಷದೊಳಗೆ ಮುಗಿಯಿತು, ಬಿಸಿಲು ಬಂತು, ಕುರುಬರ ಹಾಡು ಶುರು.

"ಇಷ್ಟೇನಾ ಮಳೆ?" ಅಂದರು ಅಪ್ಪ. "ಇದಕ್ಕೆ ಒಂದು ಇಂಚೂ ಬಿದ್ದಿರಲ್ಲ."

ಇಷ್ಟ ಆಗದ್ದೂ ಇದೆ, ಮುಚ್ಚಿಡುವುದಿಲ್ಲ. ಒಪೆರಾ ಇನ್ನೂ ನನಗೆ ಹತ್ತಿಲ್ಲ. ಹೆಂಗಸರು ಅಷ್ಟು ಎತ್ತರಕ್ಕೆ ಹೋದಾಗ ನಮ್ಮ ನಾಯಿ ಎದ್ದು ಹೋಗುತ್ತದೆ, ನಾನೂ ಅದರ ಹಿಂದೆಯೇ.

ಇದು ಈ ಜನವರಿ. ಈಗ ನೀವು ನೋಡುತ್ತಿರುವುದು ಮೊನ್ನೆ ರಾತ್ರಿ ತೆಗೆದದ್ದು, ಕತ್ತಲು ಜಾಸ್ತಿ ಇದೆ, ಕ್ಷಮಿಸಿ. ಆ ಮೂಲೆಯಲ್ಲಿ ಕಂಬಳಿ ಹೊದ್ದು ಕೂತಿರುವುದು ಅಪ್ಪ. ನಿದ್ದೆ ಬರುವುದಿಲ್ಲ ಅಂತ ಕಾವಲಿಗೆ ಬಂದರು. ಏನು ಕೇಳ್ತಿದ್ದೀಯ ಅಂದರು, ಎಡಗಿವಿಯದ್ದು ಕೊಟ್ಟೆ, ಬಲದ್ದು ನಾನು ಇಟ್ಟುಕೊಂಡೆ. ಏಳನೆಯದೇ. ಗಾಳಿವಾದ್ಯದ ಸದ್ದು ಕರಗಿತು, ಹೆಜ್ಜೆ ಶುರುವಾಯಿತು. ಸ್ವಲ್ಪ ಹೊತ್ತಿಗೆ ನಾನು ಆ ಉದ್ದನೆಯ ಹಾಡಿಗೆ ತಲೆ ಆಡಿಸುತ್ತಿದ್ದೆ, ಅಪ್ಪ ಕೋಲಿನ ತುದಿಯಲ್ಲಿ ನೆಲಕ್ಕೆ ಟಕ್, ಟಕಟಕ, ಟಕ್, ಟಕ್ ಅಂತ ಕುಟ್ಟುತ್ತಿದ್ದರು. ನನ್ನ ತಲೆ ನೋಡಿದರು. ತಮ್ಮ ಕೋಲು ನೋಡಿದರು.

"ನಿಂಗೆ ಬೇರೆ ಏನೋ ಬರ್ತಾ ಇದೆ. ಕೊಡು ಆ ಕಡೇದು."

"ತಡೀರಿ ಅಪ್ಪ, ಆನೆ ಬಂದ್ರೆ?"

"ನಾಯಿ ಬೊಗಳುತ್ತೆ ಬಿಡು. ಕೊಡು."